ಮಸಿ

ಕೊಟ್ರಪ್ಪ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಮುಚ್ಚಿದ ದಿನ
ನನ್ನ ಪಾಲಿಗೆ ಬಂದದ್ದು ಒಂದು ಹಾರ್ಲಿಕ್ಸ್ ಬಾಟಲಿ,
ಅರ್ಧ ಕಿತ್ತಳೆ ಹರಳು.
ಬೈಕ್ರೋಮೇಟ್. ಮೂವತ್ತು ವರ್ಷ
ದಾವಣಗೆರೆಯ ಎಷ್ಟೋ ಲಗ್ನಪತ್ರಿಕೆ
ಇದರ ಬಣ್ಣ ಹಾದೇ ಮನೆಮನೆಗೆ ಹೋಗಿದ್ದವು.
"ಕೈಗವಸು ಹಾಕ್ಕೋ ತಮ್ಮಾ, ನನ್ನ ಬೆರಳು ನೋಡು" ಅಂದ.
ನೋಡಿದೆ.
ಬೇಸಿಗೆಯ ಕೆರೆಯಂಗಳ.

ಅಂಟು ಜಾಲಿಯದು. ಎರಡು ರಾತ್ರಿ ನೆನೆದು,
ಹಳೇ ಪಂಚೆಯಲ್ಲಿ ಸೋಸಿಕೊಂಡು, ಜೋನಿಬೆಲ್ಲದಂತೆ ಇಳಿದದ್ದು.
ಮಸಿ ಮಾತ್ರ ಕೊಳ್ಳಲಿಲ್ಲ;
ಮಂಡಕ್ಕಿ ಭಟ್ಟಿಯ ಚಿಮಣಿಯೊಳಗಿಂದ
ಜೈತುನಬಿಯೇ ಚಮಚೆಯಲ್ಲಿ ಕೆರೆದು ಕೊಟ್ಟಳು,
"ಇದಕ್ಕೂ ಗಿರಾಕಿ ಬಂತಲ್ಲಪ್ಪಾ!"

ಚಿತ್ರವೂ ಅವಳದೇ. ಕಾದ ಮರಳಿನ ಬಾಣಲೆ,
ಜರಡಿ ಎತ್ತಿದ ಕೈ, ಪಕ್ಕದಲ್ಲಿ ಮಂಡಕ್ಕಿಯ ಗುಡ್ಡೆ.
ಫೋನಿನಲ್ಲಿ ತೆಗೆದದ್ದು, ಹೊಗೆಯಲ್ಲಿ.
ಕಂಪ್ಯೂಟರಿಗೆ ಹಾಕಿ ಒಂದು ಗುಂಡಿ ಒತ್ತಿದೆ:
ಮಂಡಕ್ಕಿಯೆಲ್ಲ ಕಲ್ಲಿದ್ದಲು,
ನಲವತ್ತು ವರ್ಷದ ಕರಿಗೋಡೆ
ಉಗಾದಿಗೆ ಸುಣ್ಣ ಕಂಡ ಮನೆ.
ಅವಳ ಮುಖ ಮಾತ್ರ
ಯಾವ ಕಡೆಗೂ ಪೂರಾ ಒಪ್ಪದೆ ನಡುವೆ ನಿಂತಿತು.

ಮೊದಲ ನೆಗೆಟಿವ್ ಹಾಳು. ಪ್ಲಾಸ್ಟಿಕ್ ಹಾಳೆಯ ಒರಟು ಬದಿ ಯಾವುದೆಂದು
ತುಟಿಗೆ ತಾಗಿಸಿ ನೋಡಬೇಕಿತ್ತು, ನೋಡಲಿಲ್ಲ;
ಇಂಕು ದೋಸೆಹಂಚಿಗೆ ಚಿಮುಕಿಸಿದ ನೀರಿನಂತೆ ಗುಂಡಾಗಿ ಓಡಿತು.
ಎರಡನೆಯದು ತೀರಾ ಗಾಢ, ಬಿಸಿಲಿಗೇ ದಾರಿ ಸಿಗಲಿಲ್ಲ.
ಮೂರನೆಯದನ್ನು ಬೋರಲು ಇಟ್ಟಿದ್ದೆ,
ಎಡಗೈಯ ಸುಟ್ಟ ಕಲೆ ಬಲಗೈಗೆ ಹೋಗಿ ಕೂತಿತ್ತು.

ಆಮೇಲೆ ವಾರವಿಡೀ ಬರೀ ಮೆಟ್ಟಿಲು ಅಚ್ಚು ಹಾಕಿದೆ,
ಬಿಳಿಯಿಂದ ಕಪ್ಪಿಗೆ ಇಪ್ಪತ್ತೊಂದು.
ಅಂಟಿಗೆ ಅಷ್ಟು ಹತ್ತುವ ದಮ್ಮಿಲ್ಲ,
ಆರೇಳಕ್ಕೆ ಏದುಸಿರು ಬಿಟ್ಟು ಕೂತುಬಿಡುತ್ತದೆ.
ಪರದೆಯ ಮೇಲಿನ ಗೆರೆಯನ್ನು ಬಗ್ಗಿಸಿ ಬಗ್ಗಿಸಿ
ಬೆಂಕಿ, ಹೊಗೆ, ಹೊಟ್ಟು, ಹೆಂಗಸು
ಎಲ್ಲವನ್ನೂ ಆ ಆರೇಳು ಮೆಟ್ಟಿಲಲ್ಲೇ
ಒತ್ತೊತ್ತಾಗಿ ಕೂರಿಸಿದೆ.

ಹನ್ನೊಂದರ ಬಿಸಿಲು. ತಾರಸಿ, ಗಾಜು, ನಾಲ್ಕು ಬಟ್ಟೆ ಕ್ಲಿಪ್ಪು.
ಐದು ನಿಮಿಷ. ಆಮೇಲೆ ಕಾಗದವನ್ನು ನೀರಿಗೆ ಕವುಚಿ ಬಿಟ್ಟೆ.
ತಿಕ್ಕಬಾರದು.
ಬಿಸಿಲು ಮುಟ್ಟಿದ ಮಸಿ ಕಾಗದ ಕಚ್ಚಿಕೊಂಡಿತು,
ಮುಟ್ಟದ್ದು ತಾನಾಗಿ ಕಳಚಿ
ಟ್ರೇಯ ತಳಕ್ಕೆ ಸದ್ದಿಲ್ಲದೆ ಇಳಿಯಿತು.

ಹಸಿ ಆರುವ ಮೊದಲೇ ಭಟ್ಟಿಗೆ ಒಯ್ದೆ.
ಗುಡ್ಡೆಯ ಮೇಲೆ ಬೆರಳಿಟ್ಟು ಕೇಳಿದಳು,
"ಇಲ್ಲೇನು ಹಚ್ಚೀಯ?"
ಏನಿಲ್ಲ ಬೂಬಮ್ಮ, ಬರೀ ಕಾಗದ.
"ಮೂರು ಗಂಟೆಗೆ ಎದ್ದು ಹುರಿದದ್ದು ಬರೀ ಕಾಗದಾ?"
ನಕ್ಕಳು, ಕೆಮ್ಮಿದಳು.
"ಈ ಗೋಡೆ?"
ನೀನೇ ಕೊಟ್ಟ ಮಸಿ.
"ಹೂಂ. ಅದು ಇಲ್ಲಿ ಬೇಕಾದಷ್ಟೈತೆ."

ಚೀಲದಿಂದ ಇಣುಕುತ್ತಿದ್ದ ನೆಗೆಟಿವ್ ತಾನೇ ಎಳೆದುಕೊಂಡು
ಒಲೆಯ ಬಾಯಿಗೆ ಎತ್ತಿ ಹಿಡಿದಳು.
ಬೆಳ್ಳಗಿನ ಗೋಡೆಯ ತುಂಬ ಬೆಂಕಿ ಬೆಳಗಿತು.
ಬಹಳ ಹೊತ್ತು ನೋಡಿದಳು.
"ಇದನ್ನ ಕೊಡು."

ಅವಳ ಹೆಬ್ಬೆರಳು ಆಗಲೇ ಅಂಚಿಗೆ ಅಚ್ಚಾಗಿತ್ತು.
ಎರಡನೆಯ ಲೇಪಕ್ಕೆ
ನನಗದು ಬೇಕಿತ್ತು.
ಹೇಳಲಿಲ್ಲ.