ಚಾಳೀಸಿನ ದಾರ

ಗುಳೇದಗುಡ್ಡದ ಧರ್ಮದ ಕಣ್ಣಾಸ್ಪತ್ರೆ.
ಬೆಳಗಿನ ಎಂಟಕ್ಕೆ ಪಟ್ಟಿ ಬಿಚ್ಚಿ
"ಎಷ್ಟು ಬೆರಳವಾ?" ಅಂದಳು ನರ್ಸಬಾಯಿ.

ಸಾವಂತ್ರೆವ್ವ ಬೆರಳು ನೋಡಲಿಲ್ಲ.
ಎದುರು ಗೋಡೆಯಲ್ಲಿ, ಗಂಧದ ಹಾರದೊಳಗೆ
ಮಲಕಾಜಪ್ಪ ಮಾಸ್ತರು.
ದವಾಖಾನೆಗೆ ಅವರದೇ ಹೆಸರು.

"ಇದು ತಪ್ಪೈತಿ," ಅಂದಳು.
"ಅವರ ಚಾಳೀಸಿಗೆ ಬಲಗಡಿ ಕಡ್ಡಿ ಇರಲಿಲ್ಲ.
ಮಗ್ಗದ ಕೆಂಪು ದಾರ ಕಿವಿಗೆ ಸುತ್ತಿ
ಅಕ್ಷರ ತಿದ್ದಸ್ತಿದ್ರು,
ಗಂಡ ಸತ್ತ ನಮಗ, ಕೇರಿ ಮಂದಿಗೆ,
ಒಂದ ಚಾಪಿ ಮ್ಯಾಲ.
ಊರು ಕಲ್ಲು ಒಗೆದ ದಿನ ಮುರದಿದ್ದು ಅದು.
ದಾರ ನಂದು."

ಚಿತ್ರ ಬರೆದವನು ಚಿನ್ನದ ಕಡ್ಡಿ ಇಟ್ಟಿದ್ದ,
ಎರಡೂ ಕಡೆ.

ನರ್ಸಬಾಯಿ ಮತ್ತೆ ಕೈ ಎತ್ತಿದಳು.
"ಮೂರು," ಅಂದಳು ಮುದುಕಿ.
ಸೆರಗಿನ ಅಂಚಿನಿಂದ ಒಂದೆಳೆ ಜಗ್ಗುತ್ತ
ಮೆಲ್ಲಗೆ ಕೇಳಿದಳು:
"ನಿಚ್ಚಣಕಿ ಎಲ್ಲಿಟ್ಟೀರಿ?"