ಉಲ್ಟಾ ಮರೆ

ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಬಾರದು ಅಂತಾರೆ ತಿಳಿದವರು.
ನನ್ನ ಹತ್ತಿರ ಸ್ಟ್ಯಾಂಡಿಲ್ಲ. ತೊಲೆಗೆ ಎರಡು ಹಗ್ಗ ಬಿಗಿದು
ಸೀಟಿನ ಮೂತಿ, ಹ್ಯಾಂಡಲ್ಲಿನ ಕತ್ತು ತೂಗುಹಾಕಿದೆ.
ಮಗನ ತೊಟ್ಟಿಲು ತೂಗಿದ ಅವೇ ಕೊಂಡಿಗಳು.
ಈಗ ಅವನಿಗೆ ಹತ್ತೊಂಬತ್ತು. ಬಾಗಿಲಿಗೊರಗಿ ಕೇಳ್ತಾನೆ:
"ಅಮ್ಮಾ, ಬಿಚ್ಚೋದೇನೋ ಬಿಚ್ತೀಯ. ಸೇರಿಸೋದು ಯಾರು?"

ಶಿಡ್ಲಘಟ್ಟದಲ್ಲಿ ನಲವತ್ತೈದರ ಹೆಂಗಸು
ಬಗ್ಗಿದ ಹ್ಯಾಂಡಲ್ಲಿನ ಸೈಕಲ್ ತುಳಿದರೆ
ಮೊದಲ ತಿಂಗಳು ನಗು, ಎರಡನೇ ತಿಂಗಳು ನಾಯಿ,
ಮೂರನೇ ತಿಂಗಳಿಗೆ ನಾಯಿಗೂ ಬೇಜಾರು.

ಫ್ರೇಮು, ನಂದಿಬೆಟ್ಟ ಇಳಿಯುವಾಗ ಬಿದ್ದ ಯಾರದೋ.
ಅವರ ಭುಜದ ಮೂಳೆ ಮುರಿಯಿತಂತೆ, ಇದಕ್ಕೆ ಬಣ್ಣ ಕೆತ್ತಿತ್ತು ಅಷ್ಟೇ.
ಹಿಂದಿನ ಗಾಲಿಯ ದೊಡ್ಡ ಚಕ್ರಕ್ಕೆ ಇಪ್ಪತ್ತೈದೇ ಹಲ್ಲು,
ಅದು ಗಟ್ಟಿ ಮಂಡಿಯವರ ಲೆಕ್ಕ.
ನನ್ನದು ಬಿಸಿನೀರ ತೊಟ್ಟಿಯ ಮುಂದೆ
ಇಪ್ಪತ್ತು ವರ್ಷ ನೂಲು ತೆಗೆದ ಮಂಡಿ.
ಮೂವತ್ತನಾಲ್ಕು ಹಲ್ಲಿನದು ತರಿಸಿದೆ. ಅದಕ್ಕೊಪ್ಪುವ
ಉದ್ದ ಕಾಲಿನ ಡಿರೇಲರು, ಚೈನು, ಕೇಬಲ್ಲು, ಪೆಡಲ ನಡುವಿನ ಬೇರಿಂಗು.
ಚೀಟಿ ಎತ್ತಿದ ದುಡ್ಡು.
ಓಲೆ ಮಾಡಿಸಬೇಕಿತ್ತು, ಮಾಡಿಸಲಿಲ್ಲ.

ಹಳೇ ಹಲ್ಲು ಕೀಳುವ ಚಾಟಿಗೆ ಅಂಗಡಿಯಲ್ಲಿ ಎಂಟುನೂರು.
ಚರಕದ ಮುರಿದ ಪಟ್ಟಿಗೆ ಹಳೇ ಚೈನು ಒಂದು ಗೇಣು ಬಿಗಿದೆ.
ಆಯಿತು ಚಾಟಿ.

ಬೇರಿಂಗಿನ ಬಟ್ಟಲು ಮಾತ್ರ ಮೂರು ಸಂಜೆ ಮಿಸುಕಲಿಲ್ಲ.
ಸೀಮೆಣ್ಣೆ ಕುಡಿಸಿದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ
ಮೈಭಾರವೆಲ್ಲ ಬಿಟ್ಟೆ. ಬಾಯ್ಲರ್ ರಿಪೇರಿಯ ಇಮ್ತಿಯಾಜ್ ಭಾಯಿ
ಗೋಡೆಯಾಚೆಯಿಂದ ನೋಡೀ ನೋಡೀ ಕೊನೆಗೆ,
"ಅಲುವೇಲಕ್ಕಾ, ಬಲಗಡೇದು ಉಲ್ಟಾ ಮರೆ.
ನೀವು ಮೂರು ದಿನದಿಂದ ಬಿಗೀತಾ ಇದ್ದೀರಿ."

ಮರೆ.
ತಿರುಪಿನ ಗೀರಿಗೂ ನಮ್ಮಲ್ಲಿ ಅದೇ ಮಾತು.
ಆ ವರ್ಷ ಮನೆಗೆ ಬಂದವರೆಲ್ಲ ಮರೆ, ಮರೆ ಅಂದರು,
ಯಾವ ಕಡೆ ತಿರುಗಿಸಬೇಕೆಂದು ಒಬ್ಬರೂ ಹೇಳಲಿಲ್ಲ.

ಈ ಕಡೆ ತಿರುಗಿಸಿದೆ. ಕಿರ್ ಅಂತು. ಬಂತು.

ಉಳಿದದ್ದು ಕೇಬಲ್ಲು. ಅದು ಕಾಣುವ ದಾರಿಯಲ್ಲಿ ಹೋಗುವುದಿಲ್ಲ,
ಕೊಳವೆಯೊಳಗೆ, ಕತ್ತಲಲ್ಲಿ,
ಮುಂದಿನ ತೂತಿಂದ ಹಿಂದಿನ ತೂತಿಗೆ.
ತಳ್ಳಿದೆ. ತಿರುವಿದೆ. ಮಗ ಟಾರ್ಚು ಹಿಡಿದ,
ಹಳೇ ಸ್ಪೀಕರು ಒಡೆದು ಅಯಸ್ಕಾಂತ ತಂದ.
ರಾತ್ರಿ ಹನ್ನೊಂದಕ್ಕೆ ಕೈಗೆ ತನ್ನ ಕಸುಬು ನೆನಪಾಯಿತು.
ಗೂಡಿನಲ್ಲಿ ಎಳೆಯ ತುದಿ ಹುಡುಕುವುದು ಕಣ್ಣಲ್ಲ,
ಬೆಂದು ಬೆಂದು ಗೆರೆ ಸವೆದ ಈ ಬೆರಳು,
ರೇಷನ್ ಅಂಗಡಿಯ ಯಂತ್ರ ನನ್ನದಲ್ಲ ಎಂದ ಬೆರಳು.

ಲಡಿಯಿಂದ ಎರಡು ಮಾರು ಹಸಿ ರೇಷ್ಮೆ ಬಿಚ್ಚಿದೆ.
ಮುಂದಿನ ತೂತಿಗೆ ತುದಿ ಬಿಟ್ಟು
ಮಿಕ್ಕ ತೂತುಗಳಿಗೆ ರಾಗಿಹಿಟ್ಟು ಮೆತ್ತಿ
ಹಿಂದಿನದಕ್ಕೆ ಬಾಯಿಟ್ಟು ಉಸಿರೆಳೆದೆ.
ಗ್ರೀಸು. ಲೋಹ. ಯಾರೋ ಬಿದ್ದ ಬೆಟ್ಟದ ಧೂಳು.
ಮೂರನೇ ಉಸಿರಿಗೆ ನಾಲಿಗೆ ಮೇಲೆ ಎಳೆ.

ಮಗ ನಗಲಿಲ್ಲ.
ಕೇಬಲ್ಲಿನ ತಲೆಗೆ ರೇಷ್ಮೆ ಗಂಟು ಹಾಕಿ ಮೆಲ್ಲಗೆ ಎಳೆದರೆ
ಉಕ್ಕು ಹಿಂದೆಯೇ ಬಂತು, ಮದುವಣಗಿತ್ತಿಯ ಹಿಂದೆ
ತಲೆತಗ್ಗಿಸಿ ಬರುವ ಗಂಡಿನ ಹಾಗೆ.

ಬೆಳಗಿನ ಐದೂವರೆ. ಗೂಡಿನ ಮಾರ್ಕೆಟ್ಟಿನ ಗೇಟು ಇನ್ನೂ ತೆಗೆದಿಲ್ಲ.
ದಿಬ್ಬೂರಹಳ್ಳಿ ರಸ್ತೆ. ಐದನೇ ಹಲ್ಲಿಗೆ ಬಂದರೆ ಟಿಕ್, ಟಿಕ್.
ಇಳಿದೆ. ತಿರುಪು ಕಾಲು ಸುತ್ತು ಎಡಕ್ಕೆ.
ಪೆಡಲನ್ನು ಕೈಯಲ್ಲೇ ತಿರುಗಿಸಿ ಕಿವಿಗೊಟ್ಟೆ.
ಅರ್ಧ ವಾಪಸ್ಸು. ಕೂದಲೆಳೆಯಷ್ಟು ಮತ್ತೆ ಎಡಕ್ಕೆ.
ಇನ್ನೂ ಅಂತಿದೆ, ದೂರದ ಮನೆಯ ಗಡಿಯಾರದಷ್ಟು. ಅನ್ನಲಿ.

ಏರು ಬಂತು. ಒತ್ತಿದೆ.
ಚೈನು ಒಂದು ಕ್ಷಣ ಯೋಚಿಸಿ, ದೊಡ್ಡದಕ್ಕೆ ಹತ್ತಿತು.
ಮಂಡಿ ಏನೂ ಮಾತಾಡಲಿಲ್ಲ.

ತಟ್ಟೆಯಲ್ಲಿ ಒಂದು ವಾಷರು ಉಳಿದಿದೆ.
ಎಲ್ಲಿಯದೋ ಗೊತ್ತಿಲ್ಲ.
ಮಗನಿಗೆ ಹೇಳಿಲ್ಲ.