ಲೆ ಪಕ್ಕ ಲೊ ನಿಲ್ಲಂಗಿಲ್ಲ

ಘಂತೂತಿನ ಲಾಯ, ಬೆಳಗಿನ ನಾಲ್ಕೂವರೆ.
ಎವರಿಸ್ಟೊ ಗೊರಸೆತ್ತಿ ತೊಡೆಗಿಟ್ಟುಕೊಂಡು
ಹಿಂದೆ ನೋಡದೆ ಕೈ ಚಾಚುತ್ತಾನೆ: ದಾಮೆಲೊ.
ದಾ, ಮೆ, ಲೊ. ಕೊಡು, ನನಗೆ, ಅದನ್ನು.
ಒಂದೇ ಹಗ್ಗಕ್ಕೆ ಕಟ್ಟಿದ ಮೂರು ತಟ್ಟುಗಳು.
ಅಪ್ಪಣೆಯಾದರೆ ಹೀಗೆ ಕ್ರಿಯಾಪದದ ಬಾಲ ಹಿಡಿಯುತ್ತವೆ,
ಬರೀ ಸುದ್ದಿಯಾದರೆ ಮುಂದೆ ಓಡುತ್ತವೆ: ಮೆ ಲೊ ದಿಯೊ,
ನನಗೆ ಅದನ್ನು ಕೊಟ್ಟ.
ಯಾಕೆ ಹಾಗೆ ಎಂದೆ. ಭುಜ ಹಾರಿಸಿದ.
ಅವನಪ್ಪನೂ ಹಾಗೇ ಅನ್ನುತ್ತಿದ್ದನಂತೆ.

ನಾನು ದಸ್ತಗೀರ, ವಿಜಯಪುರದ ನಾಲಬಂದರ ಪೈಕಿ.
ಟಾಂಗಾ ಕುದುರೆಗಳು ಮುಗಿದವು, ಸುತ್ತಿಗೆ ಉಳಿಯಿತು,
ಸುತ್ತಿಗೆಯ ಹಿಂದೆ ನಾನು ಬಂದೆ.
ನನ್ನ ವ್ಯಾಕರಣವೆಲ್ಲ ಓಟ್ಸ್ ಚೀಲದ ಬೆನ್ನ ಮೇಲೆ, ಮಾರ್ಕರಿನಲ್ಲಿ.

ಅವನಿಗೆ ಅದನ್ನು ಕೊಟ್ಟೆ ಅನ್ನಲು ಹೋಗಿ
ಲೆ ಲೊ ದಿ ಅಂದುಬಿಟ್ಟೆ ಮೊದಲ ವಾರ.
ಲಾಯವೆಲ್ಲ ನಕ್ಕಿತು, ಕುದುರೆಗಳನ್ನು ಬಿಟ್ಟು.
ಎವರಿಸ್ಟೊ ತೋಳು ಹಿಡಿದು ಕರೆದೊಯ್ದ:
ಹನ್ನೊಂದರಲ್ಲಿ ಒಂದು ಗಂಡುಕುದುರೆ, ಹದಿಮೂರರಲ್ಲಿ ಇನ್ನೊಂದು,
ನಡುವಿನ ಹನ್ನೆರಡು ಖಾಲಿ.
ಅಕ್ಕಪಕ್ಕ ಕಟ್ಟಿದರೆ ಹಲಗೆ ಮುರಿಯುತ್ತವೆ.
ಹಂಗಾ ಇದು, ಲೆ ಪಕ್ಕ ಲೊ ನಿಲ್ಲಂಗಿಲ್ಲ.
ಲೆ ತನ್ನ ಹೆಸರು ಬಿಟ್ಟು ಸೆ ಆಗಬೇಕು. ಸೆ ಲೊ ದಿ.

ಹೆಸರು ಬಿಡುವುದು ನನಗೆ ಗೊತ್ತು.
ಇಲ್ಲಿನ ಹಾಜರಿಪಟ್ಟಿಯಲ್ಲಿ ನಾನು ದಾಸ್.

ಇಂಗ್ಲೆಂಡಿನ ಪಶುವೈದ್ಯೆ ಹ್ಯಾರಿಯೆಟ್ ಪುಸ್ತಕವಿಟ್ಟು ಕಲಿಯುತ್ತಿದ್ದಳು.
ಮೆ ಗುಸ್ತಾ ಬಂದಲ್ಲಿ ತಲೆ ಕೆರೆದುಕೊಂಡು ನಿಂತಳು:
ಇಷ್ಟಪಡುವವಳು ನಾನೋ, ಕಾಫಿಯೋ?
ನಾನು ಮೀಸೆಯೊಳಗೇ ನಕ್ಕೆ.
ಹಸಿವನ್ನ ನಾವು ಮಾಡಂಗಿಲ್ಲರಿ, ನಮಗ ಆಗತೈತಿ.
ನಿದ್ದಿ ನಮಗ ಬರತೈತಿ, ಚಾ ನಮಗ ಸೇರತೈತಿ.
ಮೆ ಲಾವೊ ಲಾಸ್ ಮಾನೋಸ್, ಕೈ ತೊಳಕೊಂಡೆ.
ನೋಡಿ, ನನ್ನ ಎಂಬ ಮಾತೇ ಇಲ್ಲ.
ಅವರ ಮೆ ನಮ್ಮ ಕೊಂಡೆಯೊಳಗೆ ಕೂತಿದೆ.
ತೊಳಕೊಳ್ಳುವಾಗ ಬೇರೆ ಯಾರ ಕೈ ಇದ್ದೀತು?

ಫೆಬ್ರವರಿಯಲ್ಲಿ ತೋರ್ಕಾಸಾ ಕುಂಟಿದಳು.
ಲೆ ದುಯೆಲೆ ಲಾ ಮಾನೊ, ಅಂದ ಎವರಿಸ್ಟೊ.
ಆ ಭಾಷೆಯಲ್ಲಿ ಕುದುರೆಯ ಮುಂಗಾಲು ಕಾಲಲ್ಲ, ಕೈ.
ಅವಳಿಗೆ ಕೈ ನೋಯುತ್ತದೆ.
ನಾಲು ಬಿಚ್ಚಿದ ಮೇಲೂ ಬಹಳ ಹೊತ್ತು
ಬಿಸಿಯಾದ ಆ ಕೈ ಹಿಡಿದೇ ಕೂತಿದ್ದೆ.

ಸೊತ್ತಿನ ಪಾಠ ಮಾತ್ರ ತಡವಾಯಿತು.
ಮಿಯೊ ನನ್ನದು, ತುಯೊ ನಿನ್ನದು.
ಪುಸ್ತಕದಲ್ಲಿ ತುಯೊ, ಪಂಪಾಸಿನ ಅವನ ಬಾಯಲ್ಲಿ ತುಶೊ.
ವೈದ್ಯೆ ತಿದ್ದಿದಳು, ನಾನು ತಿದ್ದಿಕೊಳ್ಳಲಿಲ್ಲ.
ಆದರೆ ಮಿಯೊ ಅಂತ ಬೆರಳು ತೋರಿಸಲು ಇಲ್ಲೇನಿದೆ?
ಕುದುರೆ ಶೇಕ್ ಸಾಹೇಬರದು, ಮಂಚ ಕಂಪನಿಯದು,
ಹುಲ್ಲಿಗೆ ಬಿಡುವ ನೀರೂ ಮೀಟರಿನದು.
ಪಾಸ್‌ಪೋರ್ಟ್? ಎಸ್ ಮಿಯೊ, ಅಂದೆ. ಲೊ ತಿಯೆನೆ ಎಲ್.
ನನ್ನದು. ಇಟ್ಟುಕೊಂಡಿರುವವ ಅವನು.
ವಾಕ್ಯ ಸರಿಯಾಗಿದೆ, ಅಂದ ಎವರಿಸ್ಟೊ, ನಗದೆ.

ಏಪ್ರಿಲ್. ಸೀಸನ್ ಮುಗಿದು ಅವನ ಚೀಲ ಬಾಗಿಲಲ್ಲಿತ್ತು.
ಗೊರಸು ಕೆತ್ತುವ ಬಾಗಿದ ಚಾಕು ನನ್ನ ಅಂಗೈಗಿಟ್ಟ:
ತೆ ಲೊ ದೆಹೊ. ಎಸ್ ತುಶೊ.
ಏನೋ ಹೇಳಬೇಕೆಂದು ಬಾಯಿ ತೆರೆದೆ, ಚಾಕು ಜಾರಿತು.
ಸೆ ಮೆ ಕಶೊ.
ಬೀಳಿಸಿದವ ನಾನಲ್ಲ. ಅದು ತಾನೇ ಬಿತ್ತು,
ಬಿದ್ದದ್ದು ಮಾತ್ರ ನನಗೆ.

ಅಕ್ಟೋಬರಿನಲ್ಲಿ ಹೊಸಬ ಬಂದ, ರಮಿರೊ,
ಇನ್ನೂ ಮೀಸೆ ಮೂಡದ ಹುಡುಗ. ಹಿಂದೆ ನೋಡದೆ ಕೈ ಚಾಚಿದ.
ಸುತ್ತಿಗೆ ಕೊಟ್ಟೆ. ಇಕ್ಕಳ ಕೊಟ್ಟೆ. ಚಾಕು ಕೊಡಲಿಲ್ಲ.
ಎಸ್ ಮಿಯೊ.
ನನ್ನ ದನಿಗೆ ನಾನೇ ಬೆಚ್ಚಿದೆ.
ಮೊದಲು ಯಾರದಿತ್ತು, ಕೇಳಿದ.
ಎರಾ ಸುಶೊ.
ಸುಶೊ ಅಂದರೆ ಅವನದು, ಅವಳದು, ಅವರದು,
ತಮ್ಮದು ಕೂಡ. ಯಾರ ಹೆಸರನ್ನೂ ಅದು ಹೇಳುವುದಿಲ್ಲ.
ಹುಡುಗ ಕಾದ.
ಅಷ್ಟರಲ್ಲಿ ತೋರ್ಕಾಸಾ ತಾನಾಗಿ ಕೈ ಎತ್ತಿದಳು,
ಹಿಡಿದೆ.